ಆಟದ ಕಥೆ ಸಿದ್ಧವಾಗಿಯೇ ಇದೆಯಲ್ಲ, ಇನ್ನು ಬರೆಯುವುದೇನು?

ಪ್ರಶ್ನೆ: ವೈಜ್ಞಾನಿಕ ಕಥಾವಸ್ತುವಿನ ವಿಡಿಯೋ ಗೇಮ್ ಒಂದನ್ನು ಕಾದಂಬರಿಯಾಗಿ ಬರೆಯಬೇಕೆಂದಿದ್ದೇನೆ. ಕಥೆ, ಪಾತ್ರ, ಸಂಭಾಷಣೆ ಎಲ್ಲವೂ ಆಟದಲ್ಲೇ ಇವೆ. ಪರದೆಯ ಮೇಲೆ ನಡೆದದ್ದನ್ನು ಬರೆದುಕೊಂಡು ಹೋದರೆ ಸಾಲದೇ?

ಉತ್ತರ: ಸಾಲದು. ಈ ಪ್ರಶ್ನೆಗೆ ಎಷ್ಟು ಸಲ ಉತ್ತರಿಸಿದ್ದೇನೋ, ಲೆಕ್ಕ ಇಡುವುದನ್ನೇ ಬಿಟ್ಟಿದ್ದೇನೆ. ಈ ಸಲ ತುಸು ಉದ್ದವಾಗಿಯೇ ಹೇಳಿಬಿಡುತ್ತೇನೆ. ಮುಂದೆ ಕೇಳುವವರಿಗೆ ಇದನ್ನೇ ಓದಿ ಎನ್ನಬಹುದು.

2001ರಲ್ಲಿ ಬಂದ ಮೊದಲ ‘ಹೇಲೋ’ ಆಟದಲ್ಲಿ ‘ಲೈಬ್ರರಿ’ ಎಂಬ ಹಂತವಿದೆ. ಆಡಿದವರಿಗೆ ಆ ಹೆಸರು ಕೇಳಿದರೇ ಸುಸ್ತು. ಅದೇ ಓಣಿ, ಅದೇ ಬಾಗಿಲು, ಅಲೆಯಲೆಯಾಗಿ ನುಗ್ಗುವ ಫ್ಲಡ್ ಎಂಬ ಪರಾವಲಂಬಿ ಜೀವಿಗಳು. ಅದನ್ನು ನೀವು ಹೇಳಿದಂತೆಯೇ ಬರೆದು ನೋಡೋಣ: ‘ಅವನು ಗುಂಡು ಹಾರಿಸಿದನು. ಹತ್ತು ಸತ್ತವು. ಕಂಬದ ಮರೆಗೆ ಸರಿದನು. ಕವಚದ ಶಕ್ತಿ ಮತ್ತೆ ತುಂಬಿಕೊಂಡಿತು. ಹೊರಬಂದು ಗುಂಡು ಹಾರಿಸಿದನು. ಸತ್ತನು. ಮತ್ತೆ ಅದೇ ಬಾಗಿಲ ಮುಂದೆ ನಿಂತಿದ್ದನು.’ ಇದನ್ನು ಎರಡು ಪುಟ ಓದುವವರು ಯಾರು? ನೀವೂ ಓದುವುದಿಲ್ಲ.

ಆದರೂ ಆಡುವಾಗ ಇದೇ ಓಣಿ ಬೆವರಿಳಿಸಿತ್ತಲ್ಲ? ಕಂಟ್ರೋಲರ್ ನಿಮ್ಮ ಕೈಯಲ್ಲಿತ್ತು, ಅದಕ್ಕೆ. ಹೆದರಿದವರು ನೀವು. ಉಳಿದ ಗುಂಡುಗಳನ್ನು ಎಣಿಸಿದವರು ನೀವು. ಪರದೆಯ ಮೇಲಿನ ಕಥಾನಾಯಕ, ಹಸಿರು ಕವಚದ ಮಾಸ್ಟರ್ ಚೀಫ್ ನಡುನಡುವೆ ನಾಲ್ಕು ಮಾತನಾಡುತ್ತಾನೆ, ಅಷ್ಟೇ; ಅವನ ಮುಖವನ್ನು ಆಟ ಕೊನೆಯವರೆಗೂ ತೋರಿಸುವುದಿಲ್ಲ. ತಾಳಮದ್ದಲೆ ಕೇಳಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಪ್ರಸಂಗದ ಪುಸ್ತಕದಲ್ಲಿರುವುದು ಪದ್ಯ. ರಾತ್ರಿಯೆಲ್ಲ ನಮ್ಮನ್ನು ಕೂರಿಸುವುದು ಅರ್ಥ. ವಿಡಿಯೋ ಗೇಮಿನಲ್ಲಿ ಅರ್ಥಧಾರಿಯೇ ಆಟಗಾರ. ಅವನು ಎದ್ದು ಹೋದ ಮೇಲೆ ಉಳಿದ ಪದ್ಯಗಳನ್ನು ನಕಲು ಮಾಡಿ ‘ಇಗೋ ಕಾದಂಬರಿ’ ಎಂದರೆ ಹೇಗೆ? ಆ ಅರ್ಥವನ್ನು ಈಗ ನೀವೇ ಹೇಳಬೇಕು.

ಹೇಳಿದವರಿದ್ದಾರೆ. ಇದೇ ಆಟದ ಕಥೆಯನ್ನು ವಿಲಿಯಂ ಡೀಟ್ಸ್ 2003ರಲ್ಲಿ ‘ದಿ ಫ್ಲಡ್’ ಎಂಬ ಕಾದಂಬರಿಯಾಗಿಸಿದರು. ಆಟದಲ್ಲಿ ಜೆಂಕಿನ್ಸ್ ಎಂಬ ಸಾಮಾನ್ಯ ಸೈನಿಕನೊಬ್ಬನಿದ್ದಾನೆ. ಅವನ ಹೆಲ್ಮೆಟ್ಟಿನ ಕ್ಯಾಮೆರಾದಲ್ಲಿ ದಾಖಲಾದ ಕೊನೆಯ ದೃಶ್ಯವನ್ನು ನಾವು ನೋಡುತ್ತೇವೆ, ಬೆಚ್ಚುತ್ತೇವೆ, ಮುಂದೆ ಹೋಗುತ್ತೇವೆ. ಕಾದಂಬರಿಯಲ್ಲಿ ಅವನು ಅಲ್ಲಿಗೇ ಸಾಯುವುದಿಲ್ಲ. ದೇಹ ಬಹುಮಟ್ಟಿಗೆ ಫ್ಲಡ್ ಜೀವಿಯ ವಶವಾಗಿದ್ದರೂ ಪ್ರಜ್ಞೆ ಒಳಗೆ ಉಳಿದಿರುತ್ತದೆ. ತನ್ನ ಕೈಕಾಲುಗಳನ್ನು ಬೇರೊಂದು ಆಡಿಸುವುದನ್ನು ಒಳಗಿನಿಂದಲೇ ನೋಡುತ್ತಿರುತ್ತಾನೆ. ಆಟದಲ್ಲಿ ಅಂಥ ದೇಹಗಳನ್ನು ನಾವು ಸಾಲಾಗಿ ಹೊಡೆದುರುಳಿಸಿದ್ದೆವು. ಒಳಗೆ ಯಾರಾದರೂ ಇದ್ದಾರೆಯೇ ಎಂದು ಕೇಳಿರಲಿಲ್ಲ. ಡೀಟ್ಸ್ ಇಷ್ಟಕ್ಕೇ ನಿಲ್ಲದೆ ಯಾಯಾಪ್ ಎಂಬ ಶತ್ರುಪಕ್ಷದ ಪುಕ್ಕಲು ಸಿಪಾಯಿಯ ಕಣ್ಣಿನಿಂದಲೂ ಕಥೆ ಹೇಳುತ್ತಾರೆ. ನನ್ನನ್ನು ಕೇಳಿದರೆ, ಇಡೀ ಪುಸ್ತಕದಲ್ಲಿ ತೀರಾ ಸಪ್ಪೆಯಾಗಿರುವ ಭಾಗ ಯಾವುದು ಗೊತ್ತೇ? ಆಟವನ್ನು ಹೆಜ್ಜೆಹೆಜ್ಜೆಗೆ ಅನುಸರಿಸಿದ ಗುಂಡಿನ ಕಾಳಗಗಳೇ.

ಎರಿಕ್ ನೈಲಂಡ್ ಇನ್ನೂ ಜಾಣರು. ಅವರ ‘ದಿ ಫಾಲ್ ಆಫ್ ರೀಚ್’ 2001ರ ಅಕ್ಟೋಬರ್ ಕೊನೆಯಲ್ಲಿ, ಅಂದರೆ ಆಟಕ್ಕಿಂತ ಸುಮಾರು ಎರಡು ವಾರ ಮೊದಲೇ ಬಂತು. ಆಟದ ಕಥೆಯನ್ನು ಅವರು ಮುಟ್ಟಲೇ ಇಲ್ಲ. ಅದರ ಹಿಂದಿನದನ್ನು ಬರೆದರು. ಮುಂದೆ ಮಾಸ್ಟರ್ ಚೀಫ್ ಆಗಲಿರುವ, ಆರು ವರ್ಷದ ಜಾನ್ ಎಂಬ ಹುಡುಗನ ಎದುರು ವಿಜ್ಞಾನಿ ಹಾಲ್ಸಿ ಒಂದು ನಾಣ್ಯ ಚಿಮ್ಮುತ್ತಾಳೆ. ಯಾವ ಮುಖ ಮೇಲೆ ಬೀಳುತ್ತದೆಂದು ಅವನು ಸರಿಯಾಗಿ ಹೇಳುತ್ತಾನೆ. ಸೇನೆ ಅಪಹರಿಸುವ 75 ಮಕ್ಕಳಲ್ಲಿ ಅವನೂ ಒಬ್ಬನಾಗುತ್ತಾನೆ. ಅವರನ್ನು ಮಹಾಯೋಧರನ್ನಾಗಿಸಲು ಹದಿನಾಲ್ಕನೆಯ ವಯಸ್ಸಿನಲ್ಲಿ ಮಾಡುವ ಶಸ್ತ್ರಚಿಕಿತ್ಸೆಗಳಲ್ಲಿ 30 ಮಕ್ಕಳು ಸಾಯುತ್ತಾರೆ. ಇದನ್ನು ಓದಿ ಮತ್ತೆ ಆಡಲು ಕೂತರೆ ಆ ಹಸಿರು ಕವಚ ಬೇರೆಯೇ ಕಾಣುತ್ತದೆ. ಮೊದಲ ಆಟದಲ್ಲಿ ಆ ನಾಣ್ಯವಿಲ್ಲ, ಆ ಮಕ್ಕಳೂ ಇಲ್ಲ.

ಅಂದಹಾಗೆ, ಇವರೆಲ್ಲ ಹಕ್ಕುದಾರರ ಒಪ್ಪಿಗೆಯಿಂದ ಬರೆದವರು. ನಿಮಗೂ ಲಿಖಿತ ಅನುಮತಿ ಬೇಕು. ಸಿಗದಿದ್ದರೆ ಹೆಸರುಗಳನ್ನಷ್ಟೇ ಬದಲಾಯಿಸಿ ಪಾರಾಗಲು ನೋಡಬೇಡಿ. ನಿಮ್ಮದೇ ಲೋಕವೊಂದನ್ನು ಕಟ್ಟಿಕೊಳ್ಳಿ.

ಯಾರೂ ಕೇಳದಿದ್ದರೂ ನನಗೆ ಇಷ್ಟವಾದ ಪ್ರಶ್ನೆಯೊಂದಿದೆ: ಆಟವೂ ಕಾದಂಬರಿಯೂ ಜಗಳಕ್ಕೆ ನಿಂತರೆ ಯಾವುದು ನಿಜ? 2010ರಲ್ಲಿ ರೀಚ್ ಗ್ರಹದ ಪತನವನ್ನೇ ಆಟವನ್ನಾಗಿ ತಂದರು. ನೈಲಂಡ್ ಪುಸ್ತಕದಲ್ಲಿ 2552ರ ಆಗಸ್ಟ್ 30ರಂದು, ಒಂದೇ ದಿನದಲ್ಲಿ ಶತ್ರುಗಳಿಗೆ ಸೋತು ಬಿದ್ದ ಗ್ರಹ ಆಟದಲ್ಲಿ ವಾರಗಟ್ಟಲೆ ಹೋರಾಡುತ್ತದೆ. ಅಭಿಮಾನಿಗಳು ಇವತ್ತಿಗೂ ತಾಳೆ ಹಾಕುತ್ತಲೇ ಇದ್ದಾರೆ. ಒಂದೇ ದಿನದಲ್ಲಿ ಮುಗಿದುಹೋದ ಗ್ರಹವೇ ನನಗೆ ಹೆಚ್ಚು ಭಯ ಹುಟ್ಟಿಸುತ್ತದೆ. ಆದರೆ ಆಟದವರು ಲೆವೆಲ್ ಮೇಲೆ ಲೆವೆಲ್ ಕಟ್ಟಬೇಕಿತ್ತು, ಪಾಪ. ಒಂದು ದಿನ ಎಲ್ಲಿ ಸಾಲುತ್ತದೆ?