ಹೊಳವು ಕಾಯುವ ಮನಸ್ಸು

ಪುನರ್ವಸು ಮಳೆ ಹಿಡಿದು ಕುಳಿತ ಮೇಲೆ ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆಯ ಅಡಿಕೆ ಬೆಳೆಗಾರರ ಮಾತೆಲ್ಲ ಒಂದೇ ಪದದ ಸುತ್ತ ತಿರುಗುತ್ತಿರುತ್ತದೆ: ಹೊಳವು. ಎರಡು ಮಳೆಗಳ ನಡುವೆ ಆಕಾಶ ತುಸು ಬೆಳ್ಳಗಾಗಿ, ಗೊನೆಯ ಮೇಲಿನ ನೀರು ಆರುವಷ್ಟು ಹೊತ್ತು ಬಿಡುವು ಸಿಕ್ಕರೆ ಅದು ಹೊಳವು. ಎಳೆಗಾಯಿ ಉದುರಿಸುವ ಕೊಳೆರೋಗ ತಡೆಯಲೆಂದು ಮಳೆಗಾಲಕ್ಕೆ ಮುನ್ನ ಹೊಡೆದ ಬೋರ್ಡೋ ದ್ರಾವಣದ ಕಾವಲು 40–45 ದಿನಕ್ಕೆ ಸಡಿಲವಾಗುತ್ತದೆ. ಎರಡನೆಯ ಔಷಧಿಗೆಂದು ಮೈಲುತುತ್ತ, ಸುಣ್ಣ ತಂದಿಟ್ಟಾಗಿದೆ, ಮರ ಹತ್ತಿ ಔಷಧಿ ಹೊಡೆಯುವ ಕೊನೆಗಾರನಿಗೆ ಹೇಳಿಯೂ ಆಗಿದೆ, ಹೊಳವು ಮಾತ್ರ ಇಲ್ಲ. ತೋಟಕ್ಕೆ ಕೊಳೆರೋಗ ಇನ್ನೂ ಬಂದಿಲ್ಲ. ಬರುವುದಿಲ್ಲ ಎಂದು ಹೇಳುವ ಧೈರ್ಯವೂ ಯಾರಿಗೂ ಇಲ್ಲ.

ನಮ್ಮ ಮನೆಯಲ್ಲಿ ಇವು ಅಪ್ಪಯ್ಯನ ಸಿಡುಕಿನ ದಿನಗಳಾಗಿದ್ದವು. ಬಚ್ಚಲ ಒಲೆಯ ಸೌದೆ ಹಸಿಯಾದರೂ ಬೈಗುಳ, ಕೊಟ್ಟಿಗೆಯ ಬಾಗಿಲು ಹಾಕುವುದು ಮರೆತರೂ ಬೈಗುಳ. ಆದರೆ ನಿಜಕ್ಕೂ ಕೊಳೆ ಬಂದು ತೋಟದ ತುಂಬ ಎಳೆಗಾಯಿ ಉದುರಿದ ವರ್ಷ ಅವರು ನಾವು ಕಂಡರಿಯದಷ್ಟು ಶಾಂತವಾಗಿದ್ದರು. ಬೆಳಗ್ಗೆ ಕಂಬಳಿ ಹೊದ್ದು ಹೋಗಿ ರೋಗದ ಗೊನೆ ಇಳಿಸುವುದು, ಉದುರಿದ್ದನ್ನು ಹೆಕ್ಕಿಸಿ ತೋಟದಿಂದ ಹೊರಹಾಕಿಸುವುದು, ಬಂದು ಊಟ ಮಾಡಿ ಮಲಗುವುದು. ಬಂದ ನಷ್ಟವನ್ನು ಹೀಗೆ ತಾಳಿಕೊಂಡ ಮನುಷ್ಯ ಬರಬಹುದಾದ ನಷ್ಟದ ಎದುರು ಅಷ್ಟೊಂದು ಕುದಿಯುತ್ತಿದ್ದುದು ಏಕೆಂಬುದು ನನಗೆ ತುಸುವಾದರೂ ಅರ್ಥವಾದದ್ದು ಬಹಳ ತಡವಾಗಿ, ಮನಶ್ಶಾಸ್ತ್ರದ ಕೆಲವು ಪ್ರಯೋಗಗಳ ಬಗ್ಗೆ ಓದುವಾಗ.

ಅವುಗಳಲ್ಲಿ ಮೊದಲನೆಯದು ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನದು, 2016ರಲ್ಲಿ ಪ್ರಕಟವಾಯಿತು. 45 ಮಂದಿ ಸ್ವಯಂಸೇವಕರನ್ನು ಕಂಪ್ಯೂಟರಿನ ಮುಂದೆ ಕೂರಿಸಿ ಒಂದು ಆಟ ಆಡಿಸಿದರು. ಪರದೆಯ ಮೇಲೆ ಕಲ್ಲುಗಳು. ಯಾವ ಕಲ್ಲಿನ ಅಡಿ ಹಾವಿದೆ, ಯಾವುದರ ಅಡಿ ಇಲ್ಲ ಎಂದು ಊಹಿಸಬೇಕು. ಹಾವು ಕಂಡರೆ ಕೈಗೆ ಅಪಾಯವಿಲ್ಲದ, ಆದರೆ ನೋವು ಕೊಡುವ ಕರೆಂಟಿನ ಚುರುಕು. ಯಾವ ಕಲ್ಲಿನಡಿ ಹಾವಿರುವ ಸಂಭವ ಎಷ್ಟು ಎಂಬುದು ಆಟ ಸಾಗಿದಂತೆ ಬದಲಾಗುತ್ತಿದ್ದುದರಿಂದ ಹಳೆಯ ಲೆಕ್ಕ ಹೆಚ್ಚು ಹೊತ್ತು ಉಪಯೋಗಕ್ಕೆ ಬರುತ್ತಿರಲಿಲ್ಲ. ಸಂಶೋಧಕರು ಅವರ ಚರ್ಮದ ಬೆವರನ್ನೂ ಕಣ್ಣಿನ ಪಾಪೆ ಹಿಗ್ಗುವುದನ್ನೂ ಅಳೆಯುತ್ತಿದ್ದರು, ಎಷ್ಟು ಒತ್ತಡವಾಗುತ್ತಿದೆ ಎಂದು ಆಗಾಗ ಕೇಳುತ್ತಲೂ ಇದ್ದರು. ಚುರುಕು ತಗುಲುವುದು ಖಚಿತವಾಗಿದ್ದಾಗ ಒತ್ತಡ ಶಿಖರ ಮುಟ್ಟಬೇಕೆಂದು ನಾವು ಎಣಿಸುತ್ತೇವೆ. ಅದು ಶಿಖರ ಮುಟ್ಟಿದ್ದು ತಗುಲುವ ಸಂಭವ ಸರಿಯಾಗಿ ಅರ್ಧಕ್ಕರ್ಧ ಇದ್ದಾಗ. ಖಚಿತವಾದ ನೋವು ಅದಕ್ಕಿಂತ ಹಗುರವಾಗಿತ್ತು. ಇದರಲ್ಲಿ ಇನ್ನೊಂದು ಸ್ವಾರಸ್ಯವೂ ಇತ್ತು: ಅನಿಶ್ಚಯ ಏರಿದಾಗ ಏರಿ ಇಳಿದಾಗ ಇಳಿಯುವಂತೆ ಯಾರ ಒತ್ತಡವು ಅದರ ಜೊತೆಜೊತೆಗೆ ನಡೆಯುತ್ತಿತ್ತೋ ಅವರ ಊಹೆಯೇ ಹೆಚ್ಚು ಸರಿಯಾಗುತ್ತಿತ್ತು. ಎಂದರೆ ಆ ಕಸಿವಿಸಿ ದೇಹದ ದಡ್ಡತನವೇನಲ್ಲ. ಗಮನ ಸಡಿಲಬೇಡ, ಇನ್ನೂ ಕಲಿಯುವುದಿದೆ ಎಂದು ದೇಹ ಕೊಡುವ ಸೂಚನೆಯಾಗಿರಬಹುದು. ದರೆಯ ಕಲ್ಲು ಎತ್ತುವಾಗ, ಸೌದೆರಾಶಿಗೆ ಕೈ ಹಾಕುವಾಗ ಹಾವಿನ ಲೆಕ್ಕ ಹಾಕಿಯೇ ಬೆಳೆದ ಮಲೆನಾಡಿನವರಿಗೆ ಈ ಪ್ರಯೋಗವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಆಟದಲ್ಲಿ ಕಲ್ಲು ಎತ್ತಿದ ಕೂಡಲೇ ಉತ್ತರ ಸಿಗುತ್ತದೆ. ವಾರಗಟ್ಟಲೆ, ತಿಂಗಳುಗಟ್ಟಲೆ ಕಾಯಬೇಕಾದಾಗ ಏನಾಗುತ್ತದೆ ಎಂಬುದನ್ನು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ರಿವರ್‌ಸೈಡ್ ಕೇಂದ್ರದ ಕೇಟ್ ಸ್ವೀನಿ ಹಲವು ವರ್ಷಗಳಿಂದ ಅಧ್ಯಯನ ಮಾಡುತ್ತಿದ್ದಾರೆ. ಅಲ್ಲಿ ಕಾನೂನು ಪದವೀಧರರು ವಕೀಲಿಕೆಯ ಅರ್ಹತಾ ಪರೀಕ್ಷೆ ಬರೆದ ಮೇಲೆ ಫಲಿತಾಂಶಕ್ಕಾಗಿ ನಾಲ್ಕು ತಿಂಗಳು ಕಾಯಬೇಕಾಗಿತ್ತು. ಅಂಥ 230 ಮಂದಿಯನ್ನು ಸ್ವೀನಿ ಮತ್ತು ಸಂಗಡಿಗರು ಆ ಅವಧಿಯುದ್ದಕ್ಕೂ ಮತ್ತೆ ಮತ್ತೆ ಪ್ರಶ್ನಿಸಿ, 2016ರಲ್ಲಿ ಫಲಿತಾಂಶ ಪ್ರಕಟಿಸಿದರು. ಕಾಯುವವರು ಮಾಡುವುದು ನಮಗೆಲ್ಲ ಗೊತ್ತಿರುವ ಉಪಾಯಗಳನ್ನೇ: ಆ ವಿಚಾರವನ್ನು ಮನಸ್ಸಿನಿಂದ ದೂರ ತಳ್ಳುವುದು, ಆಸೆ ಇಟ್ಟುಕೊಳ್ಳದೆ ಕೆಟ್ಟದ್ದಕ್ಕೇ ಸಿದ್ಧರಾಗುವುದು, ಅನುತ್ತೀರ್ಣರಾದರೂ ಅದರಲ್ಲೊಂದು ಒಳಿತಿದೆ ಎಂದು ಮೊದಲೇ ಸಮಾಧಾನ ಮಾಡಿಕೊಳ್ಳುವುದು. ಈ ಉಪಾಯಗಳಲ್ಲಿ ಯಾವುದೂ ಅವರ ಕಳವಳವನ್ನು ಗಣನೀಯವಾಗಿ ತಗ್ಗಿಸಲಿಲ್ಲ. ಕೆಲವು ಹೆಚ್ಚಿಸಿದಂತೆಯೂ ಕಂಡಿತು. ಆದರೆ ಫಲಿತಾಂಶದ ದಿನ ಲೆಕ್ಕ ತಿರುಗಿತು. ನಾಲ್ಕು ತಿಂಗಳು ಚಡಪಡಿಸಿದವರು, ಕೆಟ್ಟದ್ದನ್ನೇ ನಿರೀಕ್ಷಿಸಿದವರು ಸೋಲನ್ನು ಹೆಚ್ಚು ಸಮರ್ಥವಾಗಿ ಎದುರಿಸಿದರು, ಗೆದ್ದರೆ ಹೆಚ್ಚು ಹಿಗ್ಗಿದರು. ನೆಮ್ಮದಿಯಾಗಿ ಕಾದವರಿಗೇ ಸೋಲಿನ ಪೆಟ್ಟು ಜೋರಾಗಿ ತಗುಲಿತು. ಅಪ್ಪಯ್ಯನ ಎರಡು ಮುಖಗಳ ನಡುವಿನ ಸಂಬಂಧ ಇಷ್ಟು ನೇರವಾಗಿತ್ತೆಂದು ನಾನು ಪ್ರಮಾಣ ಮಾಡಲಾರೆ. ಆದರೂ ‘ಸುಮ್ಮನೆ ತಲೆ ಕೆಡಿಸಿಕೊಳ್ಳಬೇಡಿ’ ಎಂದು ಅವರಿಗೆ ಉಪದೇಶ ಮಾಡುತ್ತಿದ್ದ ನಮ್ಮ ಅಧಿಕಪ್ರಸಂಗವನ್ನು ನೆನೆದರೆ ಈಗ ಸಂಕೋಚವಾಗುತ್ತದೆ.

ಕಾಯುವ ಕಾಲವನ್ನು ಸ್ವಲ್ಪ ಹಗುರಗೊಳಿಸುವುದು ಯಾವುದು ಎಂಬ ಪ್ರಶ್ನೆಗೆ ಅದೇ ತಂಡ ಮುಂದೆ ಕಂಡುಕೊಂಡ ಉತ್ತರ ತನ್ಮಯತೆ. ಹಂಗೇರಿ ಮೂಲದ ಮನಶ್ಶಾಸ್ತ್ರಜ್ಞ ಮಿಹಾಯ್ ಚಿಕ್ಸೆಂಟ್‌ಮಿಹಾಯಿ 1970ರ ದಶಕದಿಂದ ವಿವರಿಸುತ್ತ ಬಂದ ಸ್ಥಿತಿ ಅದು: ಕೆಲಸ ನಮ್ಮ ಕೈಗೆ ಮೀರಿದ್ದೂ ಅಲ್ಲ, ತೀರ ಸಲೀಸೂ ಅಲ್ಲ, ಮಾಡಿದ್ದು ಸರಿಯೋ ತಪ್ಪೋ ತಕ್ಷಣ ಗೊತ್ತಾಗುತ್ತದೆ, ಹೊತ್ತು ಹೋದದ್ದು ತಿಳಿಯುವುದಿಲ್ಲ. ವಿದ್ಯಾರ್ಥಿಗಳಿಗೆ ಅಹಿತಕರ ಸುದ್ದಿಯೊಂದು ಬರಲಿದೆ ಎಂಬ ಆತಂಕ ಹುಟ್ಟಿಸಿ ಟೆಟ್ರಿಸ್ ಆಡಲು ಬಿಟ್ಟಾಗ, ತೀರ ಸುಲಭದ ಆಟವೂ ತೀರ ಕಷ್ಟದ ಆಟವೂ ಹೆಚ್ಚು ಪ್ರಯೋಜನಕ್ಕೆ ಬರಲಿಲ್ಲ. ಆಡುವವರ ಸಾಮರ್ಥ್ಯ ನೋಡಿ ತನ್ನ ವೇಗ ಹೊಂದಿಸಿಕೊಳ್ಳುವ ಆಟ ಆಡಿದವರ ಮನಃಸ್ಥಿತಿ ಸ್ವಲ್ಪ ಚೆನ್ನಾಗಿತ್ತು. ಟಿ.ವಿ. ಮುಂದೆ ಕೂತರೂ ಮನಸ್ಸು ಮೋಡದ ಕಡೆಗೇ ಓಡುವುದಕ್ಕೆ ಇದರಲ್ಲೊಂದು ವಿವರಣೆ ಸಿಗುತ್ತದೆ. ಬರಿಯ ಕಾಲಹರಣ ಮನಸ್ಸಿನ ಪೂರ್ತಿ ಜಾಗವನ್ನು ತುಂಬುವುದಿಲ್ಲ. ಉಳಿದ ಸಂದಿಯಲ್ಲಿ ಚಿಂತೆ ಬಂದು ಕೂರುತ್ತದೆ. ನಮ್ಮಲ್ಲಿ ಯಕ್ಷಗಾನ ಮೇಳಗಳ ತಿರುಗಾಟ ನಿಂತ ಮಳೆಗಾಲದಲ್ಲಿ, ವೇಷವಿಲ್ಲದೆ ಕೂತು ಮಾತಿನಲ್ಲೇ ಪ್ರಸಂಗ ನಡೆಸುವ ತಾಳಮದ್ದಳೆಗೆ ಕಳೆ ಬರುವುದನ್ನು ಈ ಬೆಳಕಿನಲ್ಲಿ ನೋಡಬೇಕೆನಿಸುತ್ತದೆ. ಎದುರು ಕುಳಿತ ಅರ್ಥಧಾರಿ ಯಾವ ಪ್ರಶ್ನೆ ಎಸೆಯುತ್ತಾನೆಂದು ಗೊತ್ತಿಲ್ಲದೆ ಆ ಕ್ಷಣಕ್ಕೆ ಮಾತು ಕಟ್ಟಬೇಕಾದ ಹವ್ಯಾಸಿಗೆ ತೋಟದ ಚಿಂತೆ ಮಾಡಲು ಪುರುಸೊತ್ತೆಲ್ಲಿ? ಇದನ್ನು ಯಾರಾದರೂ ಅಳೆದಿದ್ದಾರೆಂದು ನಾನು ಹೇಳುತ್ತಿಲ್ಲ, ಊಹೆ ನನ್ನದೇ. ಕೇಳಲು ಕೂತ ನಮ್ಮಂಥವರಿಗೆ ಮಾತ್ರ ಹೆಂಚಿನ ಮೇಲಿನ ಮಳೆಯ ಸದ್ದು ಕೇಳುತ್ತಲೇ ಇರುತ್ತದೆ.

ಇನ್ನೊಂದು ಎಳೆ ಹತೋಟಿಯದು. ಡೇವಿಡ್ ಗ್ಲಾಸ್ ಮತ್ತು ಜೆರೋಮ್ ಸಿಂಗರ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞರು ನಗರದ ಗದ್ದಲದ ಪರಿಣಾಮ ತಿಳಿಯಲು ನಡೆಸಿದ ಪ್ರಯೋಗಗಳು 1972ರಲ್ಲಿ ಪುಸ್ತಕವಾಗಿ ಬಂದವು. ಎರಡು ಗುಂಪುಗಳಿಗೂ ಒಂದೇ ಕರ್ಕಶ ಸದ್ದು, ಅದೂ ಯಾವಾಗ ಬರುತ್ತದೆಂದು ಹೇಳಲಾಗದ ಸದ್ದು. ಒಂದು ಗುಂಪಿನ ಪಕ್ಕ ಒಂದು ಗುಂಡಿ ಇಟ್ಟು, ತಡೆಯಲಾರದಾದರೆ ಒತ್ತಿ, ಸದ್ದು ನಿಲ್ಲುತ್ತದೆ, ಆದರೆ ಒತ್ತದಿದ್ದರೆ ಒಳ್ಳೆಯದು ಎಂದಿದ್ದರು. ಸಾಮಾನ್ಯವಾಗಿ ಅದನ್ನು ಯಾರೂ ಒತ್ತಲಿಲ್ಲ. ಹಾಗಿದ್ದರೂ, ಸದ್ದು ಮುಗಿದ ಮೇಲೆ ಕೊಟ್ಟ ಬಿಡಿಸಲಾಗದ ಒಗಟುಗಳನ್ನು ಆ ಗುಂಪಿನವರು ಹೆಚ್ಚು ಹೊತ್ತು ಬಿಡದೆ ಪ್ರಯತ್ನಿಸಿದರು, ಅಚ್ಚಿನ ಕರಡು ತಿದ್ದುವಾಗ ತಪ್ಪುಗಳನ್ನು ಹೆಚ್ಚಾಗಿ ಗುರುತಿಸಿದರು. ಗುಂಡಿ ಇದೆ ಎಂಬ ಅರಿವೇ ಸಾಕಾಗಿತ್ತು. ಕೊಳೆರೋಗವನ್ನು ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್ಮನ್ 1910ರಲ್ಲಿ ವಿವರವಾಗಿ ವರ್ಣಿಸಿ, ಅದಕ್ಕೆ ಕಾರಣವಾದ ಸೂಕ್ಷ್ಮಜೀವಿಯನ್ನು ತೋರಿಸಿ, ಬೋರ್ಡೋ ಸಿಂಪಡಣೆಯ ದಾರಿ ಹಾಕಿಕೊಟ್ಟರು. ಅದಕ್ಕೂ ಮೊದಲು ಗೊನೆಗೆ ಕೊಟ್ಟೆ ಎಂಬ ಹೊದಿಕೆ ಕಟ್ಟಿ ಮಳೆ ತಾಗದಂತೆ ಕಾಯುತ್ತಿದ್ದರು. ಇವೆರಡೂ ಬೆಳೆಗಾರನ ಗುಂಡಿಗಳೇ. ಆದರೆ ಗುಂಡಿ ಒತ್ತುವ ಕೈ ಕೊನೆಗಾರನದು, ಅವನಿಗೋ ಒಂದೇ ಹೊಳವಿನಲ್ಲಿ ಹತ್ತು ತೋಟಗಳಿಂದ ಕರೆ. ಈಚೆಗೆ ನೆಲದಲ್ಲೇ ನಿಂತು ಔಷಧಿ ಹೊಡೆಯುವ ಫೈಬರ್ ದೋಟಿಯನ್ನು ಸಾಲ ಮಾಡಿಯಾದರೂ ಕೊಂಡು ಜಗಲಿಯ ಮಾಡಿಗೆ ಸಿಕ್ಕಿಸಿಟ್ಟವರ ನೆಮ್ಮದಿಯನ್ನು ನೋಡಿದರೆ, ಅದರ ಬೆಲೆಯಲ್ಲಿ ಒಂದು ಪಾಲು ಈ ಅರಿವಿಗೇ ಸಂದದ್ದೆಂದು ತೋರುತ್ತದೆ.

ಹಣದ ಒತ್ತಡ ಇದರ ಮೇಲೊಂದು ಹೊರೆ. 2013ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂದ ಅಧ್ಯಯನವೊಂದು ತಮಿಳುನಾಡಿನ 54 ಹಳ್ಳಿಗಳ 464 ಕಬ್ಬು ಬೆಳೆಗಾರರಿಗೆ ಕಟಾವಿಗೆ ಮುಂಚೆ ಒಮ್ಮೆ, ಹಣ ಕೈಗೆ ಬಂದ ಮೇಲೆ ಒಮ್ಮೆ ಬುದ್ಧಿ ಮತ್ತು ಗಮನದ ಪರೀಕ್ಷೆ ಕೊಟ್ಟಿತ್ತು. ಕೈ ಬರಿದಾಗಿದ್ದ ಕಾಲಕ್ಕಿಂತ ತುಂಬಿದ ಕಾಲದಲ್ಲಿ ಅದೇ ರೈತ ಉತ್ತಮವಾಗಿ ಉತ್ತರಿಸಿದ್ದ. ಪರೀಕ್ಷೆಯನ್ನು ಎರಡನೆಯ ಬಾರಿ ಬರೆದವರು ಹೇಗೂ ಚೆನ್ನಾಗಿ ಬರೆಯುತ್ತಾರೆ ಎಂಬ ಆಕ್ಷೇಪವೂ, ಲೆಕ್ಕಾಚಾರದ ವಿಧಾನದ ಬಗ್ಗೆ ತಕರಾರೂ ಬಂದವು; ಆದ್ದರಿಂದ ಅದನ್ನು ಕೊನೆಯ ಮಾತೆಂದು ಹಿಡಿಯುವಂತಿಲ್ಲ. ಅಡಿಕೆಯೂ ವರ್ಷಕ್ಕೊಮ್ಮೆ ಕೈಗೆ ದುಡ್ಡು ತರುವ ಬೆಳೆ. ಮಂಡಿಯಲ್ಲಿ ಪಡೆದ ಮುಂಗಡ ಕರಗಿ, ಹೊಸ ಅಡಿಕೆ ಮರದ ಮೇಲೇ ಇರುವಾಗ, ಕೊಳೆಯ ಭಯ ಬರುವುದು ಸರಿಯಾಗಿ ಈ ತಿಂಗಳುಗಳಲ್ಲಿ.

ಇಂಥವರಿಗೆ ‘ಚಿಂತೆಗಳಲ್ಲಿ ತೊಂಬತ್ತು ಪಾಲು ನಿಜವಾಗುವುದೇ ಇಲ್ಲ’ ಎಂದು ಮೊಬೈಲಿನಲ್ಲಿ ಸಂದೇಶ ಕಳಿಸುವವರಿದ್ದಾರೆ. ಆ ಸಂಖ್ಯೆಗೆ ಹತ್ತಿರದ್ದೊಂದು ಅಧ್ಯಯನ ಇರುವುದು ನಿಜ: ತೀವ್ರ ಆತಂಕದ ಕಾಯಿಲೆ ಇರುವ 29 ಮಂದಿ ತಮ್ಮ ಚಿಂತೆಗಳನ್ನು ಬರೆದಿಟ್ಟು ಮುಂದೆ ತಾಳೆ ನೋಡಿದಾಗ ಶೇಕಡಾ 91.4ರಷ್ಟು ನಿಜವಾಗಿರಲಿಲ್ಲ, ಮತ್ತು ಇದನ್ನು ಕಣ್ಣಾರೆ ಕಂಡವರಿಗೆ ಗುಣವೂ ಕಂಡಿತು. ಅದು ಕಾಯಿಲೆಯಿಂದ ಹುಟ್ಟಿದ ಚಿಂತೆಗಳ ಲೆಕ್ಕ. ಎಡೆಬಿಡದೆ ಸುರಿಯುವ ಮಳೆಯಲ್ಲಿ ಔಷಧಿ ಕಾಣದ ಗೊನೆಗೆ ಕೊಳೆ ತಗುಲೀತೆಂಬ ಚಿಂತೆಯನ್ನು ಆ ತಕ್ಕಡಿಯಲ್ಲಿ ತೂಗುವುದು ಅನ್ಯಾಯ. ಇಷ್ಟಿದ್ದೂ ವಾರಗಟ್ಟಲೆ ನಿದ್ದೆ ಬಾರದೆ, ಊಟ ಸೇರದೆ, ಬದುಕೇ ಬೇಡವೆನಿಸುವ ಮಟ್ಟಕ್ಕೆ ಬಂದರೆ ಅದು ವೈದ್ಯರು ನೋಡಬೇಕಾದ ಸಂಗತಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತನಾಡಬಹುದು.

ನಿದ್ದೆಯ ಬಗ್ಗೆ ಇನ್ನೊಂದು ಸಣ್ಣ ಪ್ರಯೋಗ ನನಗೆ ಇಷ್ಟವಾದದ್ದು. ಅಮೆರಿಕದ ಬೇಲರ್ ವಿಶ್ವವಿದ್ಯಾಲಯದಲ್ಲಿ ಮೈಕಲ್ ಸ್ಕಲಿನ್ ಮತ್ತು ಸಂಗಡಿಗರು 57 ಯುವಕ ಯುವತಿಯರಿಗೆ ಮಲಗುವ ಮುನ್ನ ಐದು ನಿಮಿಷ ಬರೆಯಲು ಹೇಳಿದರು. ಅರ್ಧದಷ್ಟು ಜನ ಮುಗಿಸಿದ ಕೆಲಸಗಳನ್ನು, ಉಳಿದವರು ಮಾಡಬೇಕಾಗಿರುವ ಕೆಲಸಗಳನ್ನು. ಬಾಕಿ ಕೆಲಸ ನೆನಪಿಸಿಕೊಂಡರೆ ನಿದ್ದೆ ಹಾರಬೇಕಲ್ಲವೇ? 2018ರಲ್ಲಿ ಪ್ರಕಟವಾದ ಫಲಿತಾಂಶದಂತೆ ಬಾಕಿ ಬರೆದವರಿಗೇ ಸುಮಾರು ಒಂಬತ್ತು ನಿಮಿಷ ಬೇಗ ನಿದ್ದೆ ಬಂತು, ಮತ್ತು ಪಟ್ಟಿ ಬಿಡಿಬಿಡಿಯಾಗಿ ಇದ್ದಷ್ಟೂ ನಿದ್ದೆ ಬೇಗ ಹತ್ತಿತು. ಅಪ್ಪಯ್ಯನ ಹಳೆಯ ಪಂಚಾಂಗಗಳು ಅಟ್ಟದಲ್ಲಿ ಇನ್ನೂ ಇವೆ. ಆಷಾಢದ ಪುಟಗಳ ಅಂಚಿನಲ್ಲಿ ಪೆನ್ಸಿಲಿನ ಸಣ್ಣ ಅಕ್ಷರ: ‘ಸುಣ್ಣ ಹತ್ತು ಕೆ.ಜಿ. ಸಾಲದು, ತರಬೇಕು. ಮೇಲಿನ ತೋಟ ಮೊದಲು. ಹಗ್ಗ ನೋಡಿಸಬೇಕು. ಕೊನೆಗಾರನ ಮನೆಗೆ ಬೆಳಗ್ಗೆ ಹೋಗುವುದು.’ ಪಕ್ಕದಲ್ಲಿ, ಕೆಲವು ದಿನಗಳ ನಂತರ, ಶಾಯಿಯಲ್ಲಿ, ‘ಹೊಳವು. ಹೊಡೆದಾಯಿತು.’