ಪದ ಪರಿಚಯ: ತೊಡರು

ಮೈಸೂರಿನ ದೊಡ್ಡಕೆರೆ ಮೈದಾನದಲ್ಲಿ ಒಮ್ಮೆ ಜಟಕಾ ಕುದುರೆಯೊಂದು ಒಂಟಿಯಾಗಿ ಮೇಯುತ್ತಿತ್ತು. ಗೂಟವಿಲ್ಲ, ಕಾಯುವವರೂ ಇಲ್ಲ. ಬಾಯಿಗೆ ಸಿಕ್ಕುವಷ್ಟು ಹುಲ್ಲು ಮುಗಿದೊಡನೆ ಮುಂಗಾಲುಗಳೆರಡನ್ನೂ ಜೋಡಿಸಿ ಎತ್ತಿ, ಒಮ್ಮೆ ಕುಪ್ಪಳಿಸಿ, ಮತ್ತೆ ತಲೆ ತಗ್ಗಿಸುತ್ತಿತ್ತು. ಹತ್ತಿರ ಹೋಗಿ ನೋಡಿದೆ: ಗೊರಸಿನ ತುಸು ಮೇಲೆ ಎರಡು ಕಾಲಿಗೂ ಸುತ್ತಿದ ನೂಲಿನ ಹಗ್ಗ, ನಡುವೆ ಗೇಣುದ್ದ ಸಡಿಲ. ಅಗಸರ ಕತ್ತೆಯನ್ನೂ ಹೀಗೆಯೇ ಕಟ್ಟಿ ಮೇಯಲು ಬಿಡುತ್ತಿದ್ದರು.

ಈ ಕಟ್ಟಿಗೆ ಒಪ್ಪುವ ಮಾತು ತೊಡರು. ಕ್ರಿಯಾಪದವಾದಾಗ ಸಿಕ್ಕಿಕೊಳ್ಳು, ನಾಮಪದವಾದಾಗ ಅಡ್ಡಿ, ಸಂಕೋಲೆ. ಪತ್ರಿಕೆಗಳಲ್ಲಿ ದಿನವೂ ಕಾಣುವ ‘ತೊಡರುಗಾಲು’ ಇದರದೇ ಕವಲು. ಹಿಂದೆ ವೀರರು ಬಿರುದಿನ ಗುರುತಾಗಿ ಕಾಲಿಗೆ ತೊಡುತ್ತಿದ್ದ ಕಡಗವೂ ತೊಡರೇ! ಕತ್ತೆಗೂ ಕಲಿಗೂ ಒಂದೇ ಮಾತು.

ಗೂಟಕ್ಕೆ ಕಟ್ಟಿದ ಪ್ರಾಣಿಗೆ ಹಗ್ಗದ ಉದ್ದವೇ ಹುಲ್ಲುಗಾವಲು. ಹಗ್ಗ ಸುತ್ತಿಕೊಂಡರೆ ಅದೂ ಇಲ್ಲ. ತೊಡರು ಹಾಕಿದ ಕುದುರೆಗೆ ಬಯಲೆಲ್ಲ ತೆರೆದಿರುತ್ತದೆ, ಹೆಜ್ಜೆ ಮಾತ್ರ ಮೊಟಕು.

ಇದರಲ್ಲಿ ಪಳಗಿದವರು ಮಂಗೋಲಿಯಾದ ದನಗಾಹಿಗಳು. ಮುಂಗಾಲೆರಡನ್ನೇ ಬಿಗಿದರೆ ‘ತುಶಾ’, ಒಂದೇ ಬದಿಯ ಮುಂಗಾಲು ಹಿಂಗಾಲುಗಳನ್ನು ಸೇರಿಸಿದರೆ ‘ಓರೋಲ್’, ಮುಂಗಾಲೆರಡರ ಜೊತೆಗೆ ಒಂದು ಹಿಂಗಾಲನ್ನೂ ಕಟ್ಟಿದರೆ ‘ಚೋದೋರ್’. ಈ ಕೊನೆಯದು ನಮ್ಮ ತೊಡರಿನ ನೆಂಟನಂತೆ ಕೇಳಿಸಿದರೂ ಬರೀ ಸದ್ದನ್ನು ನಂಬಿ ನಂಟು ಬೆಳೆಸಬಾರದು. ಹದ ಮಾಡಿದ ಚರ್ಮದ ಪಟ್ಟಿ, ಅದಕ್ಕೆ ಮರದ ಅಥವಾ ಮೂಳೆಯ ಗುಂಡಿ. ಚಳಿಯಲ್ಲಿ ಮರಗಟ್ಟಿದ ಬೆರಳಿಗೂ ಬಿಚ್ಚಲು ಸಲೀಸು.

ಇಂಗ್ಲಿಷಿನಲ್ಲಿ ಗೊರಸಿನ ಮೇಲಿನ ಆ ಸಣ್ಣ ಭಾಗಕ್ಕೆ ‘ಪಾಸ್ಟರ್ನ್’ ಎನ್ನುತ್ತಾರೆ. ಮೇಯುವ ಕುದುರೆಗೆ ಹಾಕುತ್ತಿದ್ದ ಕಟ್ಟಿನ ಹಳೆಯ ಫ್ರೆಂಚ್ ಹೆಸರು ಅದು; ಕಟ್ಟಿನ ಹೆಸರೇ ಕಾಲಿಗೆ ಅಂಟಿಕೊಂಡಿತು.

ಕಟ್ಟುವುದಕ್ಕೂ ಹದ ಬೇಕು. ಒದ್ದೆಯಾದ ಹಸಿ ಚರ್ಮ ಒಣಗುತ್ತ ಬಿಗಿಯುತ್ತದೆ. ಒರಟು ಹಗ್ಗ ಚರ್ಮವನ್ನು ಉಜ್ಜಿ ಹುಣ್ಣು ಮಾಡುತ್ತದೆ, ಹಾಗಾಗಿ ಒಳಗೆ ಬಟ್ಟೆ ಸುತ್ತಬೇಕು. ಅಭ್ಯಾಸವಿಲ್ಲದ ಕುದುರೆಗೆ ಮೊದಲ ಸಲ ಕಟ್ಟುವುದಾದರೆ ಮೆತ್ತನೆಯ ನೆಲದಲ್ಲಿ, ಪಕ್ಕದಲ್ಲೇ ನಿಂತು. ಗಾಬರಿಯಿಂದ ಮುಗ್ಗರಿಸುವುದು ಖಂಡಿತ.

ಅಭ್ಯಾಸವಾಯಿತೋ, ಅದರ ಜಾಣತನ ಶುರುವಾಗುತ್ತದೆ. ಮುಂಗಾಲೆರಡನ್ನೂ ಒಂದೇ ಕಾಲಿನಂತೆ ಬಳಸಿ ಜಿಗಿಯುತ್ತ ದೂರ ಸಾಗಿಬಿಡುತ್ತದೆ. ಮೂರನೆಯ ಕಾಲನ್ನೂ ಕಟ್ಟುವುದು ಇದಕ್ಕೇ, ಕೊರಳಿಗೆ ಗಂಟೆ ಕಟ್ಟುವುದೂ ಇದಕ್ಕೇ. ನಾನು ನೋಡಿದ ಕುದುರೆಯಂತೂ ಮಾಲೀಕ ಬರುವಷ್ಟರಲ್ಲಿ ಅರ್ಧ ಮೈದಾನ ದಾಟಿತ್ತು.