ಕೋಚ್ ಯಾರಾಗಬೇಕು ಅಂತ ಊರಿಗೆ ಊರೇ ಜಗಳ ಆಡುತ್ತೆ. ಅವರ ಮಾತು ನಡೆಯುತ್ತಾ?

ಪ್ರಶ್ನೆ: ನಮ್ಮ ಮಗ ಅಮೆರಿಕದ ದಕ್ಷಿಣದ ಕಡೆ ಎಂ.ಎಸ್. ಓದುತ್ತಿದ್ದಾನೆ. ನವೆಂಬರ್ ಬಂತೆಂದರೆ ಅಲ್ಲಿ ಎಲ್ಲರ ಬಾಯಲ್ಲೂ ಒಂದೇ ಮಾತಂತೆ: ಕಾಲೇಜು ಫುಟ್‌ಬಾಲ್ ತಂಡಕ್ಕೆ ಮುಂದಿನ ಹೆಡ್ ಕೋಚ್ ಯಾರು? ಒಬ್ಬ ಪಿ.ಟಿ. ಮೇಷ್ಟ್ರ ವಿಷಯಕ್ಕೆ ಊರವರು ಇಷ್ಟು ತಲೆ ಕೆಡಿಸಿಕೊಳ್ಳುವುದು ಯಾಕೆ? ಅವರು ಹೇಳಿದರೆ ಆಡಳಿತದವರು ಕೇಳುತ್ತಾರಾ?

ಉತ್ತರ: ಮೊದಲು ಆ ಪಿ.ಟಿ. ಮೇಷ್ಟ್ರ ಸಂಬಳ ಕೇಳಿ. ಅಲಬಾಮ ವಿಶ್ವವಿದ್ಯಾಲಯದ ಕೋಚ್ ಆಗಿದ್ದ ನಿಕ್ ಸೇಬನ್ ತಮ್ಮ ಕೊನೆಯ ದಿನಗಳಲ್ಲಿ ವರ್ಷಕ್ಕೆ 1.1 ಕೋಟಿ ಡಾಲರ್‌ಗೂ ಹೆಚ್ಚು ಎಣಿಸುತ್ತಿದ್ದರು. ಅಂದರೆ ನಮ್ಮ ಲೆಕ್ಕದಲ್ಲಿ ಸುಮಾರು 90 ಕೋಟಿ ರೂಪಾಯಿ. ಅಲಬಾಮದ ಗವರ್ನರ್ ಸಂಬಳ ಇದರ ಮುಂದೆ ಕಾಫಿ ಖರ್ಚು. ಅಲ್ಲಿನ ಎಷ್ಟೋ ರಾಜ್ಯಗಳಲ್ಲಿ ಅತಿ ಹೆಚ್ಚು ಸಂಬಳದ ಸರ್ಕಾರಿ ನೌಕರ ಯಾರೆಂದರೆ ಫುಟ್‌ಬಾಲ್ ಕೋಚ್. (ಈ ಫುಟ್‌ಬಾಲ್ ಅಂದರೆ ನಾವು ಶಾಲೆಯಲ್ಲಿ ಒದ್ದಾಡಿದ ಆಟ ಅಲ್ಲ, ಹೆಲ್ಮೆಟ್ ಹಾಕಿಕೊಂಡು, ಮೊಟ್ಟೆಯಾಕಾರದ ಚೆಂಡು ಹಿಡಿದು ಗುದ್ದಾಡುವ ಆಟ.)

ಅಲಬಾಮ, ನೆಬ್ರಾಸ್ಕದಂಥ ರಾಜ್ಯಗಳಲ್ಲಿ ದೊಡ್ಡ ಲೀಗಿನ ವೃತ್ತಿಪರ ತಂಡವೇ ಇಲ್ಲ. ಕಾಲೇಜು ತಂಡವೇ ರಾಜ್ಯದ ತಂಡ. ಕಾಲೇಜಿನ ಮೆಟ್ಟಿಲು ಹತ್ತದವರೂ ಅದರ ಬಣ್ಣದ ಅಂಗಿ ತೊಡುತ್ತಾರೆ. ಅಲ್ಲದೆ ಈ ಆಟದಲ್ಲಿ ಕೋಚ್ ಬರೀ ಆಟ ಕಲಿಸುವವನಲ್ಲ. ಆಟಗಾರರು ನಾಲ್ಕೈದು ವರ್ಷ ಇದ್ದು ಹೋಗುತ್ತಾರೆ, ಪ್ರತಿ ವರ್ಷ ಹೊಸ ಹುಡುಗರು ಬೇಕು. ಹದಿನೇಳರ ಹುಡುಗನ ಮನೆಗೆ ಹೋಗಿ, ಸೋಫಾದ ಮೇಲೆ ಕೂತು, ಅವನ ಅಮ್ಮನನ್ನು ಒಪ್ಪಿಸಿ ಕರೆತರುವವನು ಕೋಚ್. ಅವನು ಹೋದರೆ ಅವನನ್ನು ನಂಬಿ ಬಂದ ಹುಡುಗರೂ ಗಂಟುಮೂಟೆ ಕಟ್ಟುತ್ತಾರೆ. 2017ರಿಂದ ಹುಡುಗರು ಈ ಕಾಲೇಜಿಗೇ ಬರುತ್ತೇವೆಂದು ಸಹಿ ಹಾಕುವ ಮೊದಲ ಅವಧಿ ಡಿಸೆಂಬರ್‌ಗೇ ಬಂದದ್ದರಿಂದ, ಅಷ್ಟರೊಳಗೆ ಹೊಸ ಕೋಚ್ ಕೂತಿರಬೇಕು ಎಂಬ ಅವಸರ. ಹಾಗಾಗಿ ನವೆಂಬರ್ ಕೊನೆಗೆ ಈ ಗಲಾಟೆ.

ಇನ್ನು ನಿಮ್ಮ ಎರಡನೇ ಪ್ರಶ್ನೆ. ಕಾಗದದ ಮೇಲೆ ನೋಡಿದರೆ ಅಭಿಮಾನಿಗೆ ಯಾವ ಅಧಿಕಾರವೂ ಇಲ್ಲ. ಕೋಚನ್ನು ಹುಡುಕುವುದು ಅಥ್ಲೆಟಿಕ್ ಡೈರೆಕ್ಟರ್, ಅಂದರೆ ಕ್ರೀಡಾ ವಿಭಾಗದ ಮುಖ್ಯಸ್ಥ; ಒಪ್ಪಿಗೆ ಕೊಡುವುದು ವಿಶ್ವವಿದ್ಯಾಲಯದ ಮುಖ್ಯಸ್ಥರು ಅಥವಾ ಮಂಡಳಿ. ಆದರೆ ಬೇಕು ಎಂದವನನ್ನು ತರಿಸಲಾಗದ ಈ ಜನಕ್ಕೆ, ಬೇಡ ಎಂದವನನ್ನು ತಡೆಯುವ ತಾಕತ್ತು ಮಾತ್ರ ಇದೆ. ಇದನ್ನು ಟೆನೆಸಿ ವಿಶ್ವವಿದ್ಯಾಲಯದ ಅಭಿಮಾನಿಗಳಷ್ಟು ಚೆನ್ನಾಗಿ ಯಾರೂ ತೋರಿಸಿಲ್ಲ.

2017ರಲ್ಲಿ ಟೆನೆಸಿ ತಂಡ ನಾಲ್ಕು ಗೆದ್ದು ಎಂಟು ಸೋತಿತು. ಕೋಚ್ ಬುಚ್ ಜೋನ್ಸ್‌ರನ್ನು ಸೀಸನ್ ಮುಗಿಯುವ ಮೊದಲೇ ಮನೆಗೆ ಕಳಿಸಿದರು. ಅಭಿಮಾನಿಗಳ ಬಾಯಲ್ಲಿ ಇದ್ದದ್ದು ಜಾನ್ ಗ್ರೂಡನ್ ಹೆಸರು. ಒಂದು ಕಾಲದಲ್ಲಿ ಅಲ್ಲೇ ಸಹಾಯಕನಾಗಿದ್ದವರು, ಹೆಂಡತಿಯೂ ಅದೇ ಕಾಲೇಜಿನವರು, ಊರಿನ ಅಳಿಯ ಇದ್ದ ಹಾಗೆ. ಅಳಿಯ ಬಂದೇ ಬರುತ್ತಾನೆ ಅಂತ ಕಾದದ್ದೇ ಬಂತು.

ನವೆಂಬರ್ 26, ಭಾನುವಾರ ಹೊರಬಿದ್ದ ಹೆಸರು ಮಾತ್ರ ಗ್ರೆಗ್ ಶಿಯಾನೊ. ಅವರು 1990ರ ದಶಕದ ಮೊದಲ ಭಾಗದಲ್ಲಿ ಪೆನ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಕೆಲಸ ಮಾಡಿದವರು. ಅಲ್ಲೇ ಸಹಾಯಕ ಕೋಚ್ ಆಗಿದ್ದ ಜೆರ್ರಿ ಸ್ಯಾಂಡಸ್ಕಿ ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯಕ್ಕೆ 2012ರಲ್ಲಿ ಅಪರಾಧಿಯಾದ. ಶಿಯಾನೊಗೆ ಇದು ಗೊತ್ತಿತ್ತಂತೆ ಎಂದು ಒಬ್ಬರಿಂದ ಕೇಳಿದ ಮಾತನ್ನು ಇನ್ನೊಬ್ಬರು ಒಂದು ಮೊಕದ್ದಮೆಯಲ್ಲಿ ಹೇಳಿದ್ದರು. ಶಿಯಾನೊ ಅದನ್ನು ಅಲ್ಲಗಳೆದಿದ್ದರು, ಅವರ ಮೇಲೆ ಯಾವ ಕೇಸೂ ಇರಲಿಲ್ಲ.

ಟೆನೆಸಿ ವಿಶ್ವವಿದ್ಯಾಲಯದ ನಾಕ್ಸ್‌ವಿಲ್ ಕ್ಯಾಂಪಸ್‌ನಲ್ಲಿ ಒಂದು ದೊಡ್ಡ ಬಂಡೆಯಿದೆ. ಯಾರು ಬೇಕಾದರೂ ಅದಕ್ಕೆ ಬಣ್ಣ ಬಳಿದು ಏನು ಬೇಕಾದರೂ ಬರೆಯಬಹುದು. ಹುಟ್ಟುಹಬ್ಬದ ಶುಭಾಶಯದ ಮೇಲೆ ಪಂದ್ಯದ ಘೋಷಣೆ, ಅದರ ಮೇಲೆ ಇನ್ನೊಂದು ಪದರ. ಆ ದಿನ ಅದರ ಮೇಲೆ ಶಿಯಾನೊ ವಿರುದ್ಧದ ಆರೋಪವೇ ಬಿತ್ತು. ಕ್ರೀಡಾಂಗಣದ ಹೊರಗೆ ಜನ ಸೇರಿದರು. ಶಾಸಕರೂ ಬಹಿರಂಗವಾಗಿ ವಿರೋಧಿಸಿದರು. ದೇಣಿಗೆ ಕೊಡುವ ದೊಡ್ಡವರ ಫೋನ್‌ಗಳೂ ಸುಮ್ಮನಿರಲಿಲ್ಲ. ಸಂಜೆಯೊಳಗೆ ಒಪ್ಪಂದ ಮುರಿದುಬಿತ್ತು. ವಾರ ತುಂಬುವ ಮೊದಲೇ ಅಥ್ಲೆಟಿಕ್ ಡೈರೆಕ್ಟರ್ ಜಾನ್ ಕರ‍್ರಿ ಕೂಡ ಹೊರಗೆ.

ನನಗನ್ನಿಸುವುದು, ಶಿಯಾನೊ ಕಪ್ ಮೇಲೆ ಕಪ್ ಗೆದ್ದವರಾಗಿದ್ದರೆ ಆ ಕೇಳಿದ ಮಾತು ಇಷ್ಟು ಭಾರವಾಗುತ್ತಿರಲಿಲ್ಲ. ಜನಕ್ಕೆ ಆಯ್ಕೆ ಹಿಡಿಸಿರಲಿಲ್ಲ, ಕೈಗೆ ಕಲ್ಲು ಸಿಕ್ಕಿತು. ಅದೇನೇ ಇರಲಿ, ಒಂದು ಲಕ್ಷ ಸೀಟಿನ ನೇಲ್ಯಾಂಡ್ ಕ್ರೀಡಾಂಗಣ ತುಂಬಿಸುವವರು ಮುನಿಸಿಕೊಂಡರೆ ಏನಾಗುತ್ತದೆಂದು ಆಡಳಿತಕ್ಕೆ ಗೊತ್ತಿತ್ತು. ನಮ್ಮಲ್ಲಿ ಪ್ರತಿ ಹೋಟೆಲಿನ ಟೇಬಲ್ಲಿಗೂ ಒಬ್ಬ ಕ್ರಿಕೆಟ್ ಸೆಲೆಕ್ಟರ್ ಕೂತಿರುತ್ತಾನೆ, ಆದರೆ ಬೋರ್ಡ್ ಅವನ ಚಂದಾ ಹಣದ ಮೇಲೆ ನಿಂತಿಲ್ಲ. ಅಲ್ಲಿ ಸೀಸನ್ ಟಿಕೆಟ್ಟಿನ ಜೊತೆ ದೇಣಿಗೆಯೂ ಸೇರಿರುತ್ತದೆ.

ಆದರೆ ಬೇಡ ಅಂದದ್ದರಿಂದ ಒಳ್ಳೆಯದೇ ಆಯಿತೇ? ಆಮೇಲೆ ಬಂದವರು ಜೆರೆಮಿ ಪ್ರುಯಿಟ್. ಮೂರು ಸೀಸನ್‌ನಲ್ಲಿ 16 ಗೆಲುವು, 19 ಸೋಲು. ಹುಡುಗರನ್ನು ಸೇರಿಸಿಕೊಳ್ಳುವಾಗ ನಿಯಮ ಮುರಿದ ಹಗರಣದಲ್ಲಿ 2021ರ ಜನವರಿಯಲ್ಲಿ ಕೆಲಸ ಹೋಯಿತು.

ಊರವರು ಬೇಕು ಅಂದವನೇ ಬಂದರೂ ಅಷ್ಟೇ. ನೆಬ್ರಾಸ್ಕ 1997ರಲ್ಲಿ ಚಾಂಪಿಯನ್ ಆದಾಗ ಚೆಂಡು ಎಸೆದು ಆಟ ನಡೆಸುವ ಕ್ವಾರ್ಟರ್‌ಬ್ಯಾಕ್ ಆಗಿದ್ದ ಸ್ಕಾಟ್ ಫ್ರಾಸ್ಟ್ ಮನೆ ಮಗ. ಬೇರೆ ಕಾಲೇಜಿನಲ್ಲಿ ಕೋಚ್ ಆಗಿ ಒಂದು ಪಂದ್ಯವನ್ನೂ ಸೋಲದ ಸೀಸನ್ ಮುಗಿಸಿ ಊರಿಗೆ ಬಂದಾಗ ಎದುರಾಡಿದವರೇ ಇಲ್ಲ. ಕೊನೆಗೆ ಲೆಕ್ಕ ಹಾಕಿದರೆ 16 ಗೆಲುವು, 31 ಸೋಲು. ಅತ್ತ ಕ್ಲೆಮ್ಸನ್‌ನಲ್ಲಿ 2008ರಲ್ಲಿ ಹಂಗಾಮಿಯಾಗಿ ಕೂರಿಸಿದ ಡಾಬೊ ಸ್ವಿನ್ನಿ ಅದುವರೆಗೆ ಹೆಡ್ ಕೋಚ್‌ಗಿಂತ ಒಂದು ಮೆಟ್ಟಿಲು ಕೆಳಗಿನ ಕೋಆರ್ಡಿನೇಟರ್ ಕೂಡ ಆಗಿರಲಿಲ್ಲ; ಅವರು ಎರಡು ರಾಷ್ಟ್ರೀಯ ಚಾಂಪಿಯನ್‌ಶಿಪ್ ತಂದುಕೊಟ್ಟರು. ಸೇಬನ್ ಕಥೆ ಇನ್ನೂ ಚೆಂದ. 2006ರ ಡಿಸೆಂಬರ್‌ನಲ್ಲಿ ಅಲಬಾಮ ಬಲೆ ಬೀಸಿದ್ದು ರಿಚ್ ರಾಡ್ರಿಗಸ್ ಎಂಬ ಇನ್ನೊಬ್ಬ ಕೋಚ್‌ಗೆ. ಅವರು ಒಲ್ಲೆ ಅಂದರು. ನಾನು ಅಲಬಾಮಕ್ಕೆ ಹೋಗುವುದಿಲ್ಲ ಅಂತ ಸೇಬನ್ ಕೂಡ ಕ್ಯಾಮೆರಾ ಮುಂದೆಯೇ ಹೇಳಿ, ಎರಡು ವಾರದಲ್ಲಿ ಬಂದು ಇಳಿದರು. ಅಲಬಾಮಕ್ಕೆ ಆರು ಚಾಂಪಿಯನ್‌ಶಿಪ್ ಸಿಕ್ಕಿತು. ಅಂದಿನಿಂದ ಕೋಚ್‌ಗಳ ‘ಹೋಗಲ್ಲ’ ಅನ್ನುವ ಮಾತನ್ನು ಯಾರೂ ನಂಬುವುದಿಲ್ಲ; ಯಾವ ಖಾಸಗಿ ವಿಮಾನ ಯಾವ ಊರಲ್ಲಿ ಇಳಿಯಿತು ಅಂತ ಅದರ ನಂಬರ್ ಹಿಡಿದು ನೋಡುತ್ತಾ ಕೂರುತ್ತಾರೆ.

ಟೆನೆಸಿಗೆ ಪ್ರುಯಿಟ್ ಆದಮೇಲೆ ಬಂದವರು ಜಾಶ್ ಹೈಪಲ್. ಹೆಸರು ಕೇಳಿದಾಗ ಅಭಿಮಾನಿಗಳಲ್ಲಿ ಅಂಥ ಉಮೇದೇನೂ ಇರಲಿಲ್ಲ. 2022ರ ಅಕ್ಟೋಬರ್ 15ರಂದು ಅವರ ತಂಡ ಅಲಬಾಮವನ್ನು 52–49ರಿಂದ ಸೋಲಿಸಿತು, 2006ರ ನಂತರ ಮೊದಲ ಸಲ. ಜನ ಮೈದಾನಕ್ಕೆ ನುಗ್ಗಿ ಗೋಲ್‌ಪೋಸ್ಟ್ ಕಿತ್ತು, ಹೆಗಲ ಮೇಲೆ ಹೊತ್ತು, ಟೆನೆಸಿ ನದಿಗೆ ಎಸೆದರು.

ನಿಮ್ಮ ಮಗನಿಗೆ ಒಂದು ಕಿವಿಮಾತು. ಲ್ಯಾಬಿನಲ್ಲಿ ಮಾತು ಶುರುವಾದಾಗ ಯಾರ ಹೆಸರು ಬಂದರೂ ‘ಬೈಔಟ್ ಎಷ್ಟು?’ ಅಂತ ಕೇಳಲಿ. ಒಪ್ಪಂದ ಮುಗಿಯುವ ಮೊದಲೇ ಕೋಚನ್ನು ಕಳಿಸಿದರೆ ಕೊಡಬೇಕಾದ ದುಡ್ಡು ಅದು. 2023ರಲ್ಲಿ ಜಿಂಬೊ ಫಿಶರ್ ಅವರನ್ನು ಕಳಿಸಲು ಟೆಕ್ಸಸ್ ಎ ಅಂಡ್ ಎಂ ಒಪ್ಪಿಕೊಂಡದ್ದು 7.5 ಕೋಟಿ ಡಾಲರ್‌ಗೂ ಮೀರಿದ ಮೊತ್ತ. ಅದೊಂದು ಪ್ರಶ್ನೆ ಕೇಳಿಬಿಟ್ಟರೆ ಸಾಕು, ಊಟದ ಹೊತ್ತಿನವರೆಗೂ ಅವನು ಬಾಯಿ ತೆರೆಯಬೇಕಾಗಿಲ್ಲ.